ರಕ್ತ ಕ್ಯಾನ್ಸರ್‌ಗೆ ಮದ್ದು ಹುಡುಕಿದ ಭೀಮಾವರಂನ ಸುಬ್ಬರಾವ್

ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ಮುಖ್ಯಸ್ಥರು ಡಾ. ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಅವರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಇಬ್ಬರು ಸಹೋದರರನ್ನು ಕಳೆದುಕೊಂಡಿದ್ದರು. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟು ಬ್ರಿಟಿಷ್ ಪ್ರಾಧ್ಯಾಪಕರ ಸಿಟ್ಟಿಗೆ ಗುರಿಯಾದರು. ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಸಿಕ್ಕಿತು. ಅಮೆರಿಕದ ಹಾರ್ವರ್ಡ್‌ನಲ್ಲೂ ಕಾಯಂ ಹುದ್ದೆ ಸಿಗದೆ 1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿದರು.

ಅಲ್ಲಿ ತಯಾರಾದ ಫೋಲಿಕ್ ಆಮ್ಲದಿಂದ ಸ್ಪ್ರೂ ರೋಗಿಗಳ ರಕ್ತಹೀನತೆ ಗುಣವಾಯಿತು. ಆದರೆ ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಇದೇ ಬಗೆಯ ಪದಾರ್ಥ ಕೊಟ್ಟಾಗ ರೋಗ ಇನ್ನೂ ಬೇಗ ಬೆಳೆದಂತೆ ಕಂಡಿತು. ಹಾಗಾದರೆ ಅದನ್ನು ತಡೆದರೆ ರೋಗವೂ ನಿಲ್ಲಬೇಕಲ್ಲವೇ? ಫೋಲಿಕ್ ಆಮ್ಲದಂತೆಯೇ ಕಂಡು ಜೀವಕೋಶವನ್ನು ವಂಚಿಸುವ ಅಮಿನೊಪ್ಟೆರಿನ್ ಅನ್ನು ಸುಬ್ಬರಾವ್ ತಂಡ ಮಾಡಿಕೊಟ್ಟಿತು. 1948ರ ಜೂನ್ ವರದಿಯಂತೆ 16 ಮಕ್ಕಳ ಪೈಕಿ 10 ಮಂದಿಯಲ್ಲಿ ರೋಗ ತಗ್ಗಿತ್ತು, ಅದೂ ತಾತ್ಕಾಲಿಕವಾಗಿ. ಅದಕ್ಕೂ ಮೊದಲು ಈ ರೋಗಕ್ಕೆ ಮದ್ದೇ ಇರಲಿಲ್ಲ ಎನ್ನಬಹುದು.

ಅದೇ ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ, ಸುಬ್ಬರಾವ್ ಅಮೆರಿಕದಲ್ಲೇ ತೀರಿಕೊಂಡರು. ಊರಿಗೆ ಮರಳಲೇ ಇಲ್ಲ. ಅದೇ ಜಾತಿಯ ಮದ್ದು ಮೆಥೊಟ್ರೆಕ್ಸೇಟ್ ರಕ್ತ ಕ್ಯಾನ್ಸರ್‌ಗೆ ಮಾತ್ರವಲ್ಲ, ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತಕ್ಕೂ ಈಗಲೂ ಬಳಕೆಯಲ್ಲಿದೆ.