ಆನಗೋಡಿನಲ್ಲಿ ನಿಂತ ಮಿಂಚಿನ ಓಟ

ದಾವಣಗೆರೆಯಿಂದ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗುವ ನಮ್ಮ ಊರಿನ ಹುಡುಗರಿಗೆಲ್ಲ ಆನಗೋಡು ಗೊತ್ತು. ಹೆದ್ದಾರಿಯಲ್ಲಿ ಬಸ್ಸು ಅದನ್ನು ದಾಟುವಾಗ ನಾವು ಮೊಬೈಲ್ ನೋಡುತ್ತಿರುತ್ತೇವೆ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರು ಅಪಘಾತದಲ್ಲಿ ತೀರಿಕೊಂಡದ್ದು ಈ ಊರಿನ ಬಳಿ. ಆಗ ಅವರಿಗೆ ಕೇವಲ 35 ವರ್ಷ. ನಾನಾಗ ಇನ್ನೂ ಹುಟ್ಟಿರಲಿಲ್ಲ. ಆದರೂ ಇವತ್ತಿಗೂ ಆಟೊಗಳ ಹಿಂದೆ ಅವರ ನಗು ಇದೆ, ಚಾಲಕರ ಬಾಯಲ್ಲಿ ಅವರು ಶಂಕ್ರಣ್ಣ.

ಅವರ ಬದುಕನ್ನು ನಾನು ಗಂಭೀರವಾಗಿ ಓದಿದ್ದಕ್ಕೆ ಒಂದು ಕಾರಣ ಇದೆ. ನಾವು ಐದು ಜನ ಗೆಳೆಯರು ಒಂದು ಹಾರರ್ ಶಾರ್ಟ್ ಫಿಲ್ಮ್ ಮಾಡಲು ಹೊರಟಿದ್ದೇವೆ. ಬರೀ ದೆವ್ವ ಬಂದು ಕಿರುಚುವ ಚಿತ್ರವಲ್ಲ. ಗಾಥಿಕ್ ಎನ್ನುತ್ತಾರಲ್ಲ, ಹಳೆಯ ಕಟ್ಟಡ, ಮುಚ್ಚಿಟ್ಟ ತಪ್ಪು, ಬದುಕಿರುವವರನ್ನು ಬಿಡದ ಹಿಂದಿನ ಕಾಲ, ಆ ಬಗೆಯದು. ಯುರೋಪಿನ ಕಥೆಗಳಲ್ಲಿ ಇದಕ್ಕೆ ಕೋಟೆಗಳಿವೆ. ನಮ್ಮಲ್ಲಿ ದಾವಣಗೆರೆಯ ಮುಚ್ಚಿದ ಹತ್ತಿ ಗಿರಣಿಗಳಿವೆ, ಹರಿಹರದಲ್ಲಿ ನಿಂತುಹೋದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದೆ, ಸಂಜೆಯ ತುಂಗಭದ್ರೆ ಇದೆ. ಜಾಗ ಹುಡುಕುವಾಗ ಗೆಳೆಯನೊಬ್ಬ ಆನಗೋಡಿನ ಹೆದ್ದಾರಿಯಲ್ಲೇ ಕಥೆ ಮಾಡೋಣ, ಜನ ಖಂಡಿತ ನೋಡುತ್ತಾರೆ ಎಂದ. ಇನ್ನೊಬ್ಬ ಬೇಡ ಎಂದ. ತೀರ್ಮಾನಿಸುವ ಮೊದಲು ಆ ಮನುಷ್ಯ ಯಾರು ಎಂದು ತಿಳಿಯೋಣ ಎಂದುಕೊಂಡೆವು.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಕಡೆ. ಅಣ್ಣ ಅನಂತ್‌ನಾಗ್ ಆಗಲೇ ಮುಂಬೈ ಸೇರಿದ್ದರು. ಶಂಕರ್ ಕೂಡ ಅಲ್ಲಿಗೆ ಹೋದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ರಂಗಭೂಮಿಗೆ ಅಂಟಿಕೊಂಡರು. ಬಾಳಸಂಗಾತಿ ಅರುಂಧತಿ ಸಿಕ್ಕಿದ್ದೂ ನಾಟಕದಿಂದಲೇ. ಕೆಲಸ ಮೊದಲೋ ಆಸೆ ಮೊದಲೋ ಎಂದು ಒದ್ದಾಡುವ ನಮ್ಮಂಥವರು ಇದನ್ನು ಗಮನಿಸಬೇಕು. ಅವರು ಎರಡನ್ನೂ ಒಟ್ಟಿಗೆ ನಡೆಸಿದರು. ಸಂಬಳ ಹಗಲನ್ನು ನೋಡಿಕೊಂಡಿತು, ಸಂಜೆ ತಾಲೀಮಿಗೆ ಉಳಿಯಿತು.

1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಲ್ಲಿ ಕೂಲಿ ಯೋಧನ ಪಾತ್ರ ಸಿಕ್ಕಿತು. ಆ ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. 1980ರ ‘ಆಟೊ ರಾಜ’ ಅವರನ್ನು ಬೀದಿಬೀದಿಗೆ ತಲುಪಿಸಿತು. ಸ್ಟಾರ್ ಆಗಿ ಆರಾಮಾಗಿ ಕೂರಬಹುದಿತ್ತು. ಆದರೆ ಅದೇ ವರ್ಷ ಅಣ್ಣ-ತಮ್ಮ ಸೇರಿ, ಕಾರು ಕದಿಯುವವರ ಕಥೆಯಾದ ‘ಮಿಂಚಿನ ಓಟ’ ಮಾಡಿದರು. ನಿರ್ದೇಶನ ಶಂಕರ್ ಅವರದು. ಅದು ರಾಜ್ಯ ಪ್ರಶಸ್ತಿಗಳನ್ನು ಗೆದ್ದಿತು.

ನಮಗೆ ಬೇಕಾದ ಕತ್ತಲೆ ಸಿಕ್ಕಿದ್ದು ಅದೇ 1980ರ ‘ಜನ್ಮ ಜನ್ಮದ ಅನುಬಂಧ’ದಲ್ಲಿ. ಅದು ಪುನರ್ಜನ್ಮದ ಕಥೆ. ಹಿಂದಿನ ಜನ್ಮದ ನೆನಪು ಈಗಿನ ಬದುಕನ್ನು ಎಳೆಯುತ್ತದೆ. ಇಳಯರಾಜ ಅವರ ಸಂಗೀತದಲ್ಲಿ ಎಸ್. ಜಾನಕಿ ಹಾಡಿದ ಗೀತೆಯನ್ನು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿ ನೋಡಿ, ಮೈ ಜುಮ್ಮೆನ್ನುತ್ತದೆ. ಅಲ್ಲಿ ಭಯ ಹುಟ್ಟುವುದು ಮೇಕಪ್ಪಿನಿಂದ ಅಲ್ಲ, ಧ್ವನಿಯಿಂದ ಮತ್ತು ಬಾಕಿ ಉಳಿದ ಲೆಕ್ಕದಿಂದ.

ರಂಗದ ಮೇಲೆಯೂ ಅವರಿಗೆ ಇಂಥ ಕಥೆಗಳ ನಂಟಿತ್ತು. ಅವರ ‘ಸಂಕೇತ್’ ತಂಡ ಕಾರ್ನಾಡರ ‘ನಾಗಮಂಡಲ’ವನ್ನು ಆಡಿತು. ಪಾಳುಬಿದ್ದ ಗುಡಿ, ನಡುರಾತ್ರಿ, ನಿದ್ದೆ ಮಾಡಿದರೆ ಸಾಯುತ್ತಾನೆಂದು ಶಾಪ ಪಡೆದ ನಾಟಕಕಾರ. ಅಲ್ಲಿಗೆ ಊರಿನ ಮನೆಗಳ ದೀಪದ ಜ್ವಾಲೆಗಳು ಬಂದು ಹರಟೆ ಹೊಡೆಯುತ್ತವೆ. ಇದಕ್ಕಿಂತ ದೇಸಿ ಗಾಥಿಕ್ ಎಲ್ಲಿದೆ?

1985ರ ‘ಆಕ್ಸಿಡೆಂಟ್’ನಲ್ಲಿ ದೆವ್ವವಿಲ್ಲ. ರಾಜಕಾರಣಿಯ ಮಗ ನಶೆಯಲ್ಲಿ ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದವರನ್ನು ಕೊಲ್ಲುತ್ತಾನೆ. ಪ್ರಭಾವ ಬಳಸಿ ಅದನ್ನು ಮುಚ್ಚಲು ನೋಡುತ್ತಾರೆ. ಸಾಮಾಜಿಕ ವಿಷಯದ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರ ಮಾಡಿದ ಐದು ವರ್ಷಕ್ಕೆ ರಸ್ತೆಯೇ ಅವರನ್ನು ಕೊಂಡೊಯ್ದಿತು.

ಆರ್.ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ಆಗುಂಬೆಯಲ್ಲಿ ಚಿತ್ರೀಕರಿಸಿದ್ದೂ ಅವರೇ. ದೊಡ್ಡ ಸೆಟ್ ಹಾಕುವ ಬದಲು ಅಲ್ಲಿನ ದೊಡ್ಡಮನೆಯನ್ನು, ಬೀದಿಯನ್ನು, ಮಳೆಯನ್ನು ಬಳಸಿಕೊಂಡರು. ಇರುವ ಊರನ್ನೇ ಕಥೆಯ ಊರಾಗಿಸಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಂಜಿನಿಯರಿಂಗ್ ಓದುವ ನನಗೆ ಹೆಚ್ಚು ಹಿಡಿಸಿದ್ದು ಅವರ ಇನ್ನೊಂದು ಮುಖ. ಕನ್ನಡ ಚಿತ್ರಗಳ ಧ್ವನಿ ಕೆಲಸಕ್ಕೆ ಬಹುಪಾಲು ಮದ್ರಾಸಿಗೆ ಹೋಗಬೇಕಿದ್ದ ಕಾಲದಲ್ಲಿ ಬೆಂಗಳೂರಿನಲ್ಲಿ ‘ಸಂಕೇತ್ ಎಲೆಕ್ಟ್ರಾನಿಕ್ಸ್’ ಸ್ಟುಡಿಯೊ ಕಟ್ಟಿದರು. ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೊ ಬೇಕೆಂದು ಕನಸು ಕಂಡರು. ನಮ್ಮ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ, ಅವರು ಹೋಗಿ 21 ವರ್ಷವಾದ ಮೇಲೆ.

ಕೊನೆಯ ಪಯಣವೂ ಕೆಲಸಕ್ಕಾಗಿಯೇ. ಉತ್ತರ ಕರ್ನಾಟಕದಲ್ಲಿದ್ದ ಚಿತ್ರೀಕರಣಕ್ಕೆ ಹೆಂಡತಿ, ಮಗಳ ಜೊತೆ ಹೊರಟಿದ್ದರು. ತಾಯಿ ಮಗಳು ಬದುಕುಳಿದರು. ಆ ನೋವಿನಿಂದ ಎದ್ದ ಅರುಂಧತಿ ನಾಗ್ ವರ್ಷಗಟ್ಟಲೆ ದುಡಿದು 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ‘ರಂಗಶಂಕರ’ ತೆರೆದರು.

ಇಷ್ಟು ಓದಿದ ಮೇಲೆ ಆನಗೋಡಿನ ಕಥೆಯನ್ನು ನಾವು ಕೈಬಿಟ್ಟೆವು. ಒಬ್ಬರ ಸಾವನ್ನು, ಒಂದು ಮನೆಯ ನಿಜವಾದ ದುಃಖವನ್ನು ವ್ಯೂಸ್‌ಗಾಗಿ ದೆವ್ವ ಮಾಡುವುದು ಸರಿಯಲ್ಲ. ಅವರ ಕೆಲಸದಿಂದ ಕಲಿಯುವುದು ಬೇರೆ. ನಮ್ಮ ಚಿತ್ರದ ಕಥೆ ಈಗ ಒಂದು ಮುಚ್ಚಿದ ಗಿರಣಿಯದು. ರಾತ್ರಿ ಪಾಳಿಯ ಸೈರನ್ ಇನ್ನೂ ಕೇಳಿಸುತ್ತದೆ ಎನ್ನುವ ಒಬ್ಬ ಮುದುಕ, ಅವನನ್ನು ನಂಬದ, ಕೆಲಸ ಹುಡುಕುತ್ತಿರುವ ಮೊಮ್ಮಗ. ಮೊಬೈಲ್ ಕ್ಯಾಮೆರಾ ಸಾಕು, ಒಳ್ಳೆಯ ಮೈಕ್ ಮಾತ್ರ ಬಾಡಿಗೆಗೆ ತರಬೇಕು. ಅನುಮತಿ ಕೇಳಿಯೇ ಚಿತ್ರೀಕರಣ, ರಾತ್ರಿ ಬೈಕಿನಲ್ಲಿ ಓಡಾಟ ಬೇಡ ಎಂದೂ ನಿಯಮ ಮಾಡಿಕೊಂಡಿದ್ದೇವೆ.

ಪ್ಲೇಸ್‌ಮೆಂಟ್ ಹತ್ತಿರ ಬಂದಿದೆ, ಇದೆಲ್ಲ ಈಗ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆಪ್ಟಿಟ್ಯೂಡ್ ಪುಸ್ತಕವನ್ನು ನಾವು ಮುಚ್ಚಿಟ್ಟಿಲ್ಲ. ಆದರೆ ಒಂದು ಲೆಕ್ಕ ಹಾಕಿ ನೋಡಿ ಗೆಳೆಯರೇ. ಮೊದಲ ಚಿತ್ರದಿಂದ ಕೊನೆಯ ದಿನದವರೆಗೆ ಶಂಕರ್‌ನಾಗ್‌ಗೆ ಸಿಕ್ಕಿದ್ದು ಹನ್ನೆರಡು ವರ್ಷ, ಅಂದರೆ ಮೂರು ಬಿ.ಇ. ಮುಗಿಸುವಷ್ಟು ಸಮಯ. ಅಷ್ಟರಲ್ಲಿ 80ಕ್ಕೂ ಹೆಚ್ಚು ಚಿತ್ರ, ನಾಟಕ, ಧಾರಾವಾಹಿ, ಸ್ಟುಡಿಯೊ. ನಮಗೆ ಒಂದು ಹದಿನೈದು ನಿಮಿಷದ ಚಿತ್ರಕ್ಕೆ ನಾಲ್ಕು ಭಾನುವಾರ ಸಿಕ್ಕರೆ ಸಾಕು.