ಮುಂಗಡದ ಮರ್ಮ ಕಂಡಿದ್ದ ಮನ್ರೋ ದೊರೆ

ನಮ್ಮ ರಾಯದುರ್ಗ, ಗುತ್ತಿ, ಅನಂತಪುರದ ಕಡೆ ಒಂದು ಕಾಲಕ್ಕೆ ಗಂಡುಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಡುತ್ತಿದ್ದರು. ದೇವರ ಹೆಸರಲ್ಲ, ಪಾಳೇಗಾರನದೂ ಅಲ್ಲ. ಕಂದಾಯ ವಸೂಲಿಗೆ ಬಂದ ಬಿಳಿಯ ಕಲೆಕ್ಟರನದು! ಕಂದಾಯ ಕಟ್ಟಿಸಿಕೊಂಡವನ ಹೆಸರನ್ನು ಯಾರಾದರೂ ಮಗನಿಗೆ ಇಡ್ತಾರಾ? ರತ್ನಗಿರಿಯ ಬೆಟ್ಟದ ಕೆಳಗೆ ರಾಗಿ, ಶೇಂಗಾ ಬೆಳೆದುಕೊಂಡಿರುವ ನನಗೆ ಇದೊಂದು ಬಹುದಿನದ ಪ್ರಶ್ನೆ. ನೇಕಾರನಿಗೆ, ಸಣ್ಣ ಅಂಗಡಿಯವನಿಗೆ ಸರ್ಕಾರದ ನೆರವು ಎಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳುವ ನಾವು ಈ ಥಾಮಸ್ ಮನ್ರೋನ ಬದುಕನ್ನು ಒಮ್ಮೆ ನೋಡಬೇಕು.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ಅಪ್ಪ ವ್ಯಾಪಾರಿ, ಅಮೆರಿಕದ ವರ್ಜೀನಿಯಾ ಸೀಮೆಯ ಜೊತೆ ಹೊಗೆಸೊಪ್ಪಿನ ವಹಿವಾಟು. ಅಮೆರಿಕದವರು ಸ್ವಾತಂತ್ರ್ಯಕ್ಕೆ ಯುದ್ಧ ಹೂಡಿದರು, ಇಲ್ಲಿ ಈ ಮನೆ ಮುಳುಗಿತು. ಮಗನೂ ವ್ಯಾಪಾರದ ಮನೆಯೊಂದರಲ್ಲಿ ಲೆಕ್ಕ ಕಲಿಯುತ್ತಿದ್ದವನೇ. ಅದನ್ನು ಬಿಟ್ಟು ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದ. ಹೈದರಾಲಿಯ ಮೇಲಿನ ಯುದ್ಧದಲ್ಲಿ ಕಾದಿದ. ಸಂಬಳದಲ್ಲಿ ಉಳಿಸಿ ಊರಿಗೆ ದುಡ್ಡು ಕಳಿಸುತ್ತಿದ್ದ. ದಿವಾಳಿ ಅಂದರೆ ಏನು ಅನ್ನೋದನ್ನು ಆತ ಪುಸ್ತಕದಲ್ಲಿ ಓದಬೇಕಾಗಿರಲಿಲ್ಲ.

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲ್ ಸೀಮೆ, ಅಂದರೆ ಈಗಿನ ಕೃಷ್ಣಗಿರಿ, ಧರ್ಮಪುರಿಯ ಕಡೆ, ಕಂಪನಿಯ ಕೈಗೆ ಹೋಯಿತು. ಅಲ್ಲಿ ಕ್ಯಾಪ್ಟನ್ ರೀಡ್ ಎಂಬವನ ಕೈಕೆಳಗೆ ಮನ್ರೋ ಕಂದಾಯದ ಕೆಲಸ ಕಲಿತ. ಆಗ ಕಣ್ಣಿಗೆ ಬಿದ್ದದ್ದೇ ನೇಕಾರರ ಪಾಡು. ಕಂಪನಿಯವರು ಮಗ್ಗದ ಮುಖ್ಯಸ್ಥರನ್ನು ಒಂದೆಡೆ ಕೂಡಿಸಿ, ಕಾವಲು ಹಾಕಿ, ನಮಗಲ್ಲದೆ ಬೇರೆಯವರಿಗೆ ಬಟ್ಟೆ ಕೊಡುವುದಿಲ್ಲ ಅಂತ ಒಪ್ಪಿಕೊಳ್ಳುವವರೆಗೂ ಬಿಡುತ್ತಿರಲಿಲ್ಲವಂತೆ. ಒಪ್ಪಿದ ಮೇಲೆ ಕೈಗೆ ಮುಂಗಡ. ಒಮ್ಮೆ ಮುಂಗಡ ಹಿಡಿದವನು ಆ ಬಾಕಿಯಿಂದ ಹೊರಗೆ ಬಂದದ್ದು ಅಪರೂಪ. ಬಟ್ಟೆ ತಡವಾದರೆ ಮನೆಬಾಗಿಲಿಗೆ ಜವಾನ ಬಂದು ಕೂರುತ್ತಿದ್ದ, ಅವನ ದಿನದ ಭತ್ಯೆಯೂ ನೇಕಾರನ ತಲೆಗೇ. ಇದನ್ನೆಲ್ಲ ಮನ್ರೋ ಮುಚ್ಚಿಡಲಿಲ್ಲ. ಮುಂದೆ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ವಿಚಾರಣೆ ನಡೆದಾಗ ತನ್ನ ಕಂಪನಿಯ ಈ ನಡತೆಯನ್ನು ಬಾಯಿಬಿಟ್ಟು ಹೇಳಿದ.

ತೆಲುಗಿನವರು ಬಯಾನಾ ಅಂತಾರೆ, ನಾವು ಮುಂಗಡ ಅಂತೀವಿ, ತೂಕ ಒಂದೇ. ನಾನೂ ಒಂದು ವರ್ಷ ಶೇಂಗಾ ಬಿತ್ತನೆಗೆ ಒಂದು ಮಂಡಿಯಿಂದ ದುಡ್ಡು ತಂದಿದ್ದೆ. ಕಾಯಿ ಅಲ್ಲೇ ಹಾಕಬೇಕು, ದರ ಅವರು ಹೇಳಿದ್ದೇ. ಬಡ್ಡಿ ಅಂತ ಒಂದು ಪೈಸೆ ಬರೆಯಲಿಲ್ಲ. ಬಡ್ಡಿ ಎಲ್ಲಿ ಹೋಯಿತು ಅನ್ನುವುದು ತಕ್ಕಡಿಗೆ ಗೊತ್ತು.

1800ರ ಅಕ್ಟೋಬರಿನಲ್ಲಿ ನಿಜಾಮ ನಮ್ಮ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅದೇ ದತ್ತ ಮಂಡಲ. ಬಳ್ಳಾರಿ, ರಾಯದುರ್ಗ, ಅನಂತಪುರ, ಕಡಪ ಎಲ್ಲ ಅದರೊಳಗೆ. ಮನ್ರೋ ಕಲೆಕ್ಟರಾಗಿ ಬಂದು ಏಳು ವರ್ಷ ಇದ್ದ, ಬಹುಪಾಲು ಡೇರೆಯಲ್ಲೇ. ಸುಮಾರು 80 ಪಾಳೇಗಾರರನ್ನು ಅಡಗಿಸಿದ. ಹೊಲ ಹೊಲ ಅಳೆಸಿ, ನಡುವೆ ಯಾರೂ ಇಲ್ಲದೆ ರೈತನ ಹೆಸರಿಗೇ ಕಂದಾಯ ಗೊತ್ತುಮಾಡಿದ. ಅದೇ ರೈತವಾರಿ.

ಹಾಗಂತ ಆತನನ್ನು ದೇವರು ಮಾಡುವುದು ಬೇಡ. ಬೆಳೆದ ನೂರರಲ್ಲಿ ಸುಮಾರು 45 ಪಾಲು ಸರ್ಕಾರಕ್ಕೆ ಅಂತ ಲೆಕ್ಕ ಹಾಕಿದವನೂ ಆತನೇ. ಏಳು ವರ್ಷದಲ್ಲಿ ಈ ಸೀಮೆಯ ಕಂದಾಯ ಒಂದೂವರೆ ಪಟ್ಟು ಏರಿತು. ಅಷ್ಟು ಕಿತ್ತುಕೊಂಡು, ಬಿತ್ತನೆಗೆ ಇಲ್ಲ, ಎತ್ತಿಗೆ ಇಲ್ಲ ಎಂದವನಿಗೆ ತಕಾವಿ ಸಾಲ ಕೊಡುವುದು ಸರ್ಕಾರದ ಪದ್ಧತಿ. ನಮ್ಮ ಕಡೆ ಮುದುಕರ ಬಾಯಲ್ಲಿ ತಕಾವಿ ಅನ್ನುವ ಮಾತು ನಾನು ಹುಡುಗನಾಗಿದ್ದಾಗಲೂ ಇತ್ತು.

ಆದರೆ ಆತ ಬೇರೆಯವರ ಹಾಗೆ ವಸೂಲಿ ಮಾಡಿ ಸುಮ್ಮನೆ ಹೋಗಲಿಲ್ಲ. 1807ರಲ್ಲಿ ಹೊರಡುವ ಮೊದಲು ಮದ್ರಾಸ್ ಸರ್ಕಾರಕ್ಕೆ ಬರೆದ: ಎಲ್ಲ ಭೂಮಿಗೂ ಕಂದಾಯದಲ್ಲಿ ನೂರಕ್ಕೆ 25 ಇಳಿಸಿ. ಬಾವಿಯಿಂದಲೋ ಹಳ್ಳದಿಂದಲೋ ನೀರೆತ್ತಿ ಬೆಳೆಯುವವನು ಅದನ್ನು ತಾನೇ ದುರಸ್ತಿಯಲ್ಲಿ ಇಟ್ಟುಕೊಂಡರೆ ಇನ್ನೂ 8 ಇಳಿಸಿ. ಸಾಲ ಹೆಚ್ಚಿಸಿ ಅನ್ನಲಿಲ್ಲ, ದುಡಿದವನ ಕೈಯಲ್ಲಿ ನಾಲ್ಕು ಕಾಸು ಉಳಿಯಲಿ ಅಂದ. ಉಳಿದರೆ ಅವನೇ ಬಾವಿ ತೋಡ್ತಾನೆ, ಅವನೇ ಸಂತೆಗೆ ಹೋಗ್ತಾನೆ ಅನ್ನುವ ಲೆಕ್ಕ. ಸರ್ಕಾರ ಒಪ್ಪಲಿಲ್ಲ. ಮೇಲಾಗಿ ರೈತವಾರಿಯನ್ನೇ ತೆಗೆದು ಊರುಗಳನ್ನು ಗುತ್ತಿಗೆಗೆ ಹಾಕಿದರು. ಎಷ್ಟೋ ಗುತ್ತಿಗೆದಾರರು ಕೈಸೋತು ಕೂತರು. 1820ರಲ್ಲಿ ಮನ್ರೋ ತಾನೇ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ ಆ ಇಳಿಕೆ ಸಿಕ್ಕಿತು. 13 ವರ್ಷ ತಡ! ಮನ್ರೋಲಪ್ಪ ಅನ್ನುವ ಹೆಸರಿನ ಬೇರು ಇಲ್ಲೇ ಇದೆ ಅಂತ ನನ್ನ ಎಣಿಕೆ.

ರೈತನಿಗೆ ಇಷ್ಟಾದರೂ ಆಯಿತು. ನೇಕಾರ, ಗಾಣಿಗ, ಅಂಗಡಿಯವನಿಗೆ ಏನಾಯಿತು? ಮಗ್ಗಕ್ಕೆ, ಗಾಣಕ್ಕೆ, ಅಂಗಡಿಗೆ ಮೊಹತರ್ಫಾ ಅಂತ ತೆರಿಗೆ ಇತ್ತು. ದಾರಿಯುದ್ದಕ್ಕೂ ಸುಂಕದ ಕಟ್ಟೆಗಳಿದ್ದವು. ಮನ್ರೋ ಗವರ್ನರ್ ಆಗಿದ್ದಾಗಲೂ ಎರಡೂ ಪೂರ್ತಿ ಹೋಗಲಿಲ್ಲ. ಒಳನಾಡಿನ ಸುಂಕ ಹೋದದ್ದು 1844ರಲ್ಲಿ, ಮೊಹತರ್ಫಾ ಹೋದದ್ದು 1861ರ ಹೊತ್ತಿಗೆ. 1813ರಲ್ಲಿ ಪಾರ್ಲಿಮೆಂಟಿನ ಮುಂದೆ ಆತ ಇನ್ನೊಂದು ಮಾತು ಹೇಳಿದ್ದ: ಇಂಡಿಯಾದ ಕಸುಬುದಾರರೇ ಬೇಕಾದ್ದೆಲ್ಲ ಚೆನ್ನಾಗಿ ಮಾಡಿಕೊಳ್ಳುವಾಗ ಇಂಗ್ಲೆಂಡಿನ ಮಾಲು ಅಲ್ಲಿ ಹೆಚ್ಚು ಹೋಗದು ಅಂತ. ಆ ಲೆಕ್ಕ ತಪ್ಪಿತು. ಗಿರಣಿಯ ಅಗ್ಗದ ಬಟ್ಟೆ ಬಂತು. ಇಲ್ಲಿಯ ಬಟ್ಟೆಗೆ ಅಲ್ಲಿ ಭಾರೀ ಸುಂಕ, ಅಲ್ಲಿಯದಕ್ಕೆ ಇಲ್ಲಿ ಹಗುರ. ಆ ನೀತಿಯ ಮುಂದೆ ನೇಕಾರನ ಕೈಚಳಕ ಏನು ಮಾಡೀತು?

ಈಗಿನ ಮಾತಿಗೆ ಬಂದರೆ, 2015ರಲ್ಲಿ ಕೇಂದ್ರ ಸರ್ಕಾರ ಅಡಮಾನವಿಲ್ಲದ ಮುದ್ರಾ ಸಾಲ ತಂದಿತು. 2019ರಲ್ಲಿ ಆಂಧ್ರ ಸರ್ಕಾರ ಮಗ್ಗವಿರುವ ನೇಕಾರ ಕುಟುಂಬಕ್ಕೆ ವರ್ಷಕ್ಕೆ 24,000 ರೂಪಾಯಿ ಕೊಡುವ ಯೋಜನೆ ಶುರುಮಾಡಿತು. ಮುಂಗಡದ ಹಾಗೆ ಮಾಲು ಇಂಥವರಿಗೇ ಹಾಕು ಅನ್ನುವ ಷರತ್ತು ಇವಕ್ಕಿಲ್ಲ, ಅದು ದೊಡ್ಡ ವಿಷಯವೇ. ಆದರೆ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವನಾಗಲಿ, ಮಡಕಶಿರಾ ಕಡೆ ಹುಣಸೆ ಬಡಿದು ಮಾರುವವನಾಗಲಿ, ಎಷ್ಟು ಸಾಲ ಸಿಕ್ಕಿತು ಅನ್ನುವುದರ ಜೊತೆಗೆ ಮಾಲಿನ ದರ ಯಾರು ಕಟ್ಟಿದರು ಅಂತಲೂ ಕೇಳಬೇಕು. ನಮ್ಮ ಸಭೆಗಳಲ್ಲಿ ಮೊದಲನೆಯದಕ್ಕೆ ಚಪ್ಪಾಳೆ, ಎರಡನೆಯದನ್ನು ಯಾರೂ ಎತ್ತುವುದಿಲ್ಲ.

1827ರಲ್ಲಿ ಮನ್ರೋ ಊರಿಗೆ ಮರಳುವ ಸನ್ನಾಹದಲ್ಲಿದ್ದ. ಹೋಗುವ ಮುಂಚೆ ದತ್ತ ಮಂಡಲವನ್ನು ಇನ್ನೊಮ್ಮೆ ನೋಡಿಬರುತ್ತೇನೆ ಅಂತ ಹೊರಟ. ಆ ವರ್ಷ ಈ ಕಡೆ ಕಾಲರಾ. ಜುಲೈ 6ರಂದು ಪತ್ತಿಕೊಂಡದಲ್ಲಿ ಅದೇ ಬೇನೆಗೆ ತೀರಿಕೊಂಡ. ಗುತ್ತಿಯಲ್ಲಿ ಮಣ್ಣು ಮಾಡಿದರು. ನಾಲ್ಕು ವರ್ಷದ ಮೇಲೆ ದೇಹವನ್ನು ಮದ್ರಾಸಿನ ಕೋಟೆಯೊಳಗಿನ ಚರ್ಚಿಗೆ ಸಾಗಿಸಿದರು. ಆತನ ಹೆಸರಿನಲ್ಲಿ ಪತ್ತಿಕೊಂಡದಲ್ಲಿ ಒಂದು ತೋಪು, ಒಂದು ಬಾವಿ ಆಯಿತು. ಗುತ್ತಿಯಲ್ಲಿ ದಾರಿಹೋಕರಿಗೆ ಒಂದು ಛತ್ರ ಕಟ್ಟಿಸಿದರು.