ವಿಲಿಯಂ ವಾನ್ ಮೈಸ್ಟರ್

ವಿಲಿಯಂ ವಾನ್ ಮೈಸ್ಟರ್ (೧೯೪೨–೧೯೯೫) ಅಮೆರಿಕದ ಉದ್ಯಮಿ. ಮನೆಯ ಟಿ.ವಿ.ಗೆ ಜೋಡಿಸುವ ಆಟದ ಯಂತ್ರಗಳಿಗೆ ದೂರವಾಣಿ ತಂತಿಯ ಮೂಲಕ ಆಟಗಳನ್ನು ಒದಗಿಸಿದ 'ಗೇಮ್‌ಲೈನ್' ಸೇವೆಯ ಸ್ಥಾಪಕರು. ೧೯೮೩ರಲ್ಲಿ ಬಳಕೆದಾರರ ಮುಂದೆ ಬಂದ ಈ ಸೇವೆ ಬಹುಕಾಲ ಬಾಳಲಿಲ್ಲ. ಆದರೆ ಅದಕ್ಕಾಗಿ ಕಟ್ಟಿದ ಸಂಸ್ಥೆಯ ಅವಶೇಷದಿಂದಲೇ ಮುಂದೆ 'ಅಮೆರಿಕ ಆನ್‌ಲೈನ್' ಬೆಳೆಯಿತು.

== ಮನೆತನ ಮತ್ತು ಆರಂಭದ ಉದ್ಯಮಗಳು ==

ವಾನ್ ಮೈಸ್ಟರ್ ಜರ್ಮನ್ ಮೂಲದ ಶ್ರೀಮಂತ ಮನೆತನಕ್ಕೆ ಸೇರಿದವರು. ಇವರ ತಂದೆ ಜರ್ಮನಿಯ ಜೆಪ್ಪೆಲಿನ್ ವಾಯುನೌಕಾ ಸಂಸ್ಥೆಗೆ ಅಮೆರಿಕದಲ್ಲಿ ಪ್ರತಿನಿಧಿಯಾಗಿದ್ದರು. ಮಗನಿಗೆ ಒಂದೇ ಉದ್ಯೋಗದಲ್ಲಿ ನೆಲೆನಿಲ್ಲುವ ಸ್ವಭಾವ ಇರಲಿಲ್ಲ. ವೆಸ್ಟರ್ನ್ ಯೂನಿಯನ್ ತಂತಿ ಸಂಸ್ಥೆಯ 'ಮೇಲ್‌ಗ್ರಾಂ' ಸೇವೆಯ ಸಿದ್ಧತೆಯಲ್ಲಿ ಇವರ ಪಾಲಿತ್ತು. ವಿದ್ಯುನ್ಮಾನ ಮಾರ್ಗದಲ್ಲಿ ದೂರದ ಅಂಚೆ ಕಚೇರಿಗೆ ತಲುಪಿದ ಸಂದೇಶವನ್ನು ಅಲ್ಲಿಂದ ಅಂಚೆಯವನು ಮನೆಗೆ ಮುಟ್ಟಿಸುತ್ತಿದ್ದ ಏರ್ಪಾಡು ಅದು; ತಂತಿಗೂ ಕಾಗದಕ್ಕೂ ನಡುವಿನದು.

== ದಿ ಸೋರ್ಸ್ ==

ದೊಡ್ಡ ಸಂಸ್ಥೆಗಳ ಗಣಕಗಳು ರಾತ್ರಿಯ ಹೊತ್ತು ಬಹುಮಟ್ಟಿಗೆ ಕೆಲಸವಿಲ್ಲದೆ ಇರುತ್ತಿದ್ದವು. ಆ ಬಿಡುವನ್ನು ಅಗ್ಗದ ದರದಲ್ಲಿ ಪಡೆದು ಮನೆಮನೆಗೆ ಸುದ್ದಿ, ಮಾಹಿತಿ ಹಾಗೂ ವಿದ್ಯುನ್ಮಾನ ಅಂಚೆಯನ್ನು ಒದಗಿಸಬಹುದೆಂದು ವಾನ್ ಮೈಸ್ಟರ್ ಯೋಚಿಸಿದರು. ಹೀಗೆ ೧೯೭೯ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ 'ದಿ ಸೋರ್ಸ್' ಸೇವೆ ಆರಂಭವಾಯಿತು. ಇದರ ಉದ್ಘಾಟನೆಗೆ ಪ್ರಸಿದ್ಧ ಲೇಖಕ ಐಸಾಕ್ ಅಸಿಮೋವ್ ಬಂದಿದ್ದರು.

ಯೋಜನೆ ಸರಿಯಾಗಿತ್ತು, ಲೆಕ್ಕ ಸರಿಯಾಗಿರಲಿಲ್ಲ. ವಾನ್ ಮೈಸ್ಟರ್ ಕೈಬಿಚ್ಚಿ ಖರ್ಚು ಮಾಡುತ್ತಿದ್ದರು. ಹಣ ಹೂಡಿದ್ದ ಜ್ಯಾಕ್ ಟೌಬ್ ಅವರೊಡನೆ ವಿರಸ ಬೆಳೆದು, ಇವರು ತಾವೇ ಸ್ಥಾಪಿಸಿದ ಸಂಸ್ಥೆಯಿಂದ ಹೊರಬೀಳಬೇಕಾಯಿತು. ೧೯೮೦ರಲ್ಲಿ ರೀಡರ್ಸ್ ಡೈಜೆಸ್ಟ್ ಪ್ರಕಾಶನ ಸಂಸ್ಥೆ ಅದರ ಹೆಚ್ಚಿನ ಪಾಲನ್ನು ಕೊಂಡುಕೊಂಡಿತು.

== ಗೇಮ್‌ಲೈನ್ ==

ವಾನ್ ಮೈಸ್ಟರ್ ಅವರ ಮುಂದಿನ ಯೋಜನೆ ಸಂಗೀತದ ಅಂಗಡಿ. ಉಪಗ್ರಹ ಮತ್ತು ಕೇಬಲ್ ಮೂಲಕ ಹಾಡುಗಳನ್ನು ಮನೆಗೇ ಕಳುಹಿಸುವ ಈ ಯೋಜನೆಗೆ ವಾರ್ನರ್ ಸಂಸ್ಥೆ ಮೊದಲು ಒಪ್ಪಿತ್ತು. ಆದರೆ ಧ್ವನಿಮುದ್ರಿಕೆಗಳನ್ನು ಮಾರುವ ಅಂಗಡಿಯವರು ವಿರೋಧಿಸಿದ್ದರಿಂದ ವಾರ್ನರ್ ಹಿಂದೆ ಸರಿಯಿತು. ಸಂಗೀತದ ಬದಲು ವಿಡಿಯೋ ಆಟಗಳನ್ನು ಇದೇ ರೀತಿ ಕಳುಹಿಸಬಾರದೇಕೆ ಎಂಬ ಆಲೋಚನೆ ಆಗ ಹುಟ್ಟಿತು. ಕೇಬಲಿನ ಜಾಗಕ್ಕೆ ದೂರವಾಣಿ ಬಂತು. 'ಕಂಟ್ರೋಲ್ ವಿಡಿಯೋ ಕಾರ್ಪೊರೇಷನ್' ಸ್ಥಾಪನೆಯಾಯಿತು.

ಆಗ ಅಮೆರಿಕದ ಮನೆಗಳಲ್ಲಿ ಅತ್ಯಂತ ಜನಪ್ರಿಯವಾಗಿದ್ದ ಆಟದ ಯಂತ್ರ ಅಟಾರಿ ೨೬೦೦. ಅದಕ್ಕೆ ಪ್ರತಿ ಆಟವನ್ನೂ ಬೇರೆ ಬೇರೆ ಕಾರ್ಟ್ರಿಜ್ ರೂಪದಲ್ಲಿ ಕೊಳ್ಳಬೇಕಿತ್ತು. ಗೇಮ್‌ಲೈನ್‌ನ 'ಮಾಸ್ಟರ್ ಮಾಡ್ಯೂಲ್' ಸಾಮಾನ್ಯ ಕಾರ್ಟ್ರಿಜ್‌ಗಿಂತ ದೊಡ್ಡದು. ಅದರೊಳಗೆ ಒಂದು ಮೋಡೆಮ್ ಮತ್ತು ೮ ಕಿಲೋಬೈಟ್ ಸ್ಮೃತಿ ಇದ್ದವು. ಇದನ್ನು ಯಂತ್ರಕ್ಕೆ ಸಿಕ್ಕಿಸಿ, ದೂರವಾಣಿ ತಂತಿಯನ್ನು ಜೋಡಿಸಿದರೆ ಅದು ತಾನಾಗಿಯೇ ಸಂಸ್ಥೆಯ ಗಣಕಕ್ಕೆ ಕರೆಮಾಡುತ್ತಿತ್ತು. ಬಳಕೆದಾರನು ಆರಿಸಿದ ಆಟ ತಂತಿಯಲ್ಲಿ ಇಳಿದು ಸ್ಮೃತಿಯಲ್ಲಿ ಕೂರುತ್ತಿತ್ತು. ಕರೆ ಅಲ್ಲಿಗೆ ಮುಗಿಯುತ್ತಿತ್ತು. ಗೊತ್ತಾದಷ್ಟು ಬಾರಿ ಆಡಿದ ಮೇಲೆ ಮತ್ತೆ ಹಣ ತೆರಬೇಕು. ಒಂದು ಆಟಕ್ಕೆ ಬೀಳುತ್ತಿದ್ದುದು ಸುಮಾರು ೧೦ ಸೆಂಟ್. ಉಪಕರಣದ ಬೆಲೆ ೬೦ ಡಾಲರಿನೊಳಗೆ, ಸದಸ್ಯತ್ವಕ್ಕೆ ೧೫ ಡಾಲರ್. ಇಂದಿನಂತೆ ದೂರದ ಇಬ್ಬರು ಒಬ್ಬರ ವಿರುದ್ಧ ಒಬ್ಬರು ಆಡುವ ಏರ್ಪಾಡು ಇದಾಗಿರಲಿಲ್ಲ. ಆಟದ ಬಾಡಿಗೆ ಎಂದರೆ ಹೆಚ್ಚು ಸರಿ. ಇದೇ ತಂತಿಯಲ್ಲಿ ಮುಂದೆ ಅಂಚೆ, ಸುದ್ದಿ, ಷೇರು ಬೆಲೆ, ಬ್ಯಾಂಕ್ ವ್ಯವಹಾರಗಳನ್ನೂ ತರುವ ಉದ್ದೇಶವಿತ್ತು.

೧೯೮೩ರ ಜನವರಿಯಲ್ಲಿ ಲಾಸ್ ವೇಗಾಸ್ ನಗರದ ಗ್ರಾಹಕ ವಿದ್ಯುನ್ಮಾನ ಪ್ರದರ್ಶನದ ವೇಳೆ ಗೇಮ್‌ಲೈನ್ ಹೆಸರು ಹೊತ್ತ ದೊಡ್ಡ ಬಿಸಿಗಾಳಿಯ ಬಲೂನನ್ನು ಹೋಟೆಲೊಂದರ ಬಳಿ ನಿಲ್ಲಿಸಲಾಗಿತ್ತು. ವಾಯುನೌಕೆಯ ಪ್ರತಿನಿಧಿಯ ಮಗನಿಗೆ ಒಪ್ಪುವ ಜಾಹೀರಾತೇ ಸರಿ. ಪಿಜ್ಜಾ ಹಟ್ ಸಂಸ್ಥೆಯಲ್ಲಿ ದುಡಿಯುತ್ತಿದ್ದ ತರುಣ ಸ್ಟೀವ್ ಕೇಸ್ ಅಲ್ಲಿ ವಾನ್ ಮೈಸ್ಟರ್ ಅವರನ್ನು ಭೇಟಿಯಾಗಿ, ಬಳಿಕ ಮಾರಾಟ ವಿಭಾಗದ ಸಲಹೆಗಾರರಾಗಿ ಸಂಸ್ಥೆಯನ್ನು ಸೇರಿದರು.

ಸೋಲಿಗೆ ಕಾರಣಗಳು ಎರಡು. ಅಟಾರಿ, ಆಕ್ಟಿವಿಷನ್, ಮ್ಯಾಟೆಲ್, ಕೊಲೆಕೊ ಮೊದಲಾದ ಪ್ರಮುಖ ತಯಾರಕರು ತಮ್ಮ ಆಟಗಳನ್ನು ಕೊಡಲಿಲ್ಲ; ಇಮ್ಯಾಜಿಕ್‌ನಂತಹ ಕೆಲವರು ಮಾತ್ರ ಒಪ್ಪಿದರು. ಜನ ಬಯಸುತ್ತಿದ್ದ ಆಟಗಳೇ ಹೀಗೆ ಪಟ್ಟಿಯಲ್ಲಿ ಇಲ್ಲವಾದವು. ಎರಡನೆಯದು ಕಾಲ. ಅದೇ ವರ್ಷ ಅಮೆರಿಕದ ವಿಡಿಯೋ ಆಟಗಳ ಮಾರುಕಟ್ಟೆ ಕುಸಿಯಿತು. ಸುಮಾರು ೩೨೦ ಕೋಟಿ ಡಾಲರ್ ಇದ್ದ ವಹಿವಾಟು ೧೯೮೫ರ ಹೊತ್ತಿಗೆ ಸುಮಾರು ೧೦ ಕೋಟಿಗೆ ಇಳಿಯಿತು. ಅಂಗಡಿಗಳಲ್ಲಿ ಕಾರ್ಟ್ರಿಜ್‌ಗಳನ್ನೇ ಕೆಲವು ಡಾಲರುಗಳಿಗೆ ಸುರಿದು ಮಾರುತ್ತಿರುವಾಗ ಬಾಡಿಗೆಯ ಆಟಕ್ಕೆ ಉಪಕರಣ ಕೊಳ್ಳುವವರು ವಿರಳವಾದರು.

== ನಂತರದ ವರ್ಷಗಳು ==

ಹೂಡಿಕೆದಾರ ಫ್ರ್ಯಾಂಕ್ ಕಾಫೀಲ್ಡ್ ಅವರು ತಮ್ಮ ಸ್ನೇಹಿತ, ಮಾಜಿ ಸೈನಿಕ ಜಿಮ್ ಕಿಮ್ಸಿಯವರನ್ನು ಸಂಸ್ಥೆಗೆ ಕರೆತಂದರು. ಕಿಮ್ಸಿ ಸಾಲಗಾರರನ್ನು ಸಮಾಧಾನಪಡಿಸಿದರು. ವಾನ್ ಮೈಸ್ಟರ್ ಎರಡನೆಯ ಬಾರಿಗೆ ತಮ್ಮದೇ ಸಂಸ್ಥೆಯನ್ನು ಬಿಟ್ಟರು. ೧೯೮೫ರ ಮೇ ತಿಂಗಳಲ್ಲಿ ಕಿಮ್ಸಿ, ಕೇಸ್ ಹಾಗೂ ತಂತ್ರಜ್ಞ ಮಾರ್ಕ್ ಸೆರಿಫ್ ಸೇರಿ 'ಕ್ವಾಂಟಮ್ ಕಂಪ್ಯೂಟರ್ ಸರ್ವಿಸಸ್' ಸ್ಥಾಪಿಸಿ, ಗೇಮ್‌ಲೈನ್‌ನಿಂದ ಕಲಿತ ತಂತ್ರವನ್ನು ಕೊಮೊಡೋರ್ ೬೪ ಗಣಕದ ಬಳಕೆದಾರರಿಗೆ ಒಗ್ಗಿಸಿದರು. ಈ ಸಂಸ್ಥೆಯೇ ೧೯೯೧ರಲ್ಲಿ 'ಅಮೆರಿಕ ಆನ್‌ಲೈನ್' ಎಂಬ ಹೆಸರು ಪಡೆಯಿತು. ಅದರ ಸ್ಥಾಪಕರೆಂದು ಸಾಮಾನ್ಯವಾಗಿ ಕೇಸ್ ಅವರ ಹೆಸರನ್ನೇ ಹೇಳಲಾಗುತ್ತದೆ. ವಾನ್ ಮೈಸ್ಟರ್ ಹೆಸರು ಬರುವುದು ಅಪರೂಪ.

ವಾನ್ ಮೈಸ್ಟರ್ ೧೯೯೫ರ ಮೇ ತಿಂಗಳಲ್ಲಿ, ತಮ್ಮ ೫೩ನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ನಿಧನರಾದರು. ಅಷ್ಟು ಹೊತ್ತಿಗೆ ಅಮೆರಿಕ ಆನ್‌ಲೈನ್‌ನ ಚಂದಾದಾರರು ಹತ್ತು ಲಕ್ಷವನ್ನು ಮೀರಿದ್ದರು.